ಒದ್ದೆ ಹಿಡಿಯಕ್ಕಿ

ನಮ್ಮ ಮಾವಿಚ್ಚಾಲಿನಲ್ಲಿ ಭಾನುವಾರ ಬೆಳಿಗ್ಗೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಕಾರ್ತ್ಯಾಯನಿಯ ಬಾಯಿ ಕೇಳಿಸಿತೋ, ಎಂಟಾಯಿತೆಂದೇ ಅರ್ಥ. ಅವಳು ಮೇಲಿನ ಓಣಿಯಲ್ಲಿ ಒಬ್ಬಳನ್ನು ಗದರುತ್ತಿದ್ದರೆ ಕೆಳಗಿನ ಓಣಿಯ ಹೆಂಗಸರು ಅಡುಗೆಮನೆಗೆ ಓಡಿ ಹಿಡಿಯಕ್ಕಿಯ ಡಬ್ಬಿಯನ್ನು ಅಲುಗಿಸಿ ನೋಡುತ್ತಿದ್ದರು. ಡಬ್ಬಿ ಹಗುರವಾಗಿದ್ದರೆ ಮುಗಿಯಿತು ಅವರ ಕಥೆ.

"ಏನೇ ಸತ್ಯವತಿ, ಇದು ಅಕ್ಕಿಯೋ ಕೋಳಿಗೆ ಹಾಕೋ ನುಚ್ಚೋ? ನಿನ್ನ ಗಂಡ ದುಬೈಯಿಂದ ಫೋನ್ ಮಾಡ್ಲಿ, ಹೇಳ್ತೀನಿ. ನಿನ್ನ ಹೆಂಡ್ತಿ ತಾನು ಬಿರಿಯಾನಿ ತಿಂದು ವಾಚನಶಾಲೆಗೆ ನುಚ್ಚು ಕೊಡ್ತಾಳೆ ಅಂತ!"

"ಹೇಳಿ ಏಚಿ, ಧಾರಾಳವಾಗಿ ಹೇಳಿ. ಆ ನೆಪದಲ್ಲಾದ್ರೂ ಅವರು ಫೋನ್ ಮಾಡ್ಲಿ."

ಏಚಿ ಎಂದರೆ ನಮ್ಮ ಮಲಯಾಳದಲ್ಲಿ ಅಕ್ಕ. ಅರವತ್ತು ದಾಟಿದ ಕಾರ್ತ್ಯಾಯನಿ ಇಡೀ ಊರಿಗೆ ಏಚಿ. ಲುಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಹೆಗಲ ಮೇಲೊಂದು ತೋರ್ತು ಟವೆಲು ಎಸೆದುಕೊಂಡು, ಗೋಣಿಚೀಲ ಹಿಡಿದು ಹೊರಟಳೆಂದರೆ ಅವಳ ಹಿಂದೆ ಇನ್ನೊಂದು ಚೀಲ ಹಿಡಿದು ನಫೀಸ. ನಫೀಸಳ ಕೆಲಸ ಚೀಲ ಹೊರುವುದು ಮಾತ್ರವಲ್ಲ. ಏಚಿ ಬೈದು ಮುಂದಕ್ಕೆ ಹೋದ ಮೇಲೆ ಒಂದು ನಿಮಿಷ ಹಿಂದೆ ನಿಂತು, "ಅವರು ಹಾಗೇ ಬಿಡಿ, ಮನಸ್ಸಿಗೆ ಹಚ್ಕೋಬೇಡಿ" ಎಂದು ಬರುವುದೂ ಅವಳ ಪಾಲಿಗೇ ಬಂದಿತ್ತು.

ಹಿಡಿಯಕ್ಕಿ ನಮ್ಮಲ್ಲಿ ಹಳೆಯ ಪದ್ಧತಿ. ಒಲೆಯ ಮೇಲೆ ನೀರು ಕುದಿಯುತ್ತಿರುವಾಗ ಮನೆಗೆ ಬೇಕಾದಷ್ಟು ಅಕ್ಕಿ ಅಳೆಯುತ್ತೇವಲ್ಲ, ಆ ಅಳೆದ ಅಕ್ಕಿಯಿಂದಲೇ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕಬೇಕು. ಮೂಟೆಯಿಂದ ಬೇರೆಯಾಗಿ ತೆಗೆದು ಹಾಕಿದರೆ ಅದು ಹಿಡಿಯಕ್ಕಿಯಲ್ಲ. ಆ ಹಿಡಿಯಷ್ಟು ಮನೆಯವರು ಅವತ್ತು ಕಡಿಮೆ ಉಣ್ಣಬೇಕು. ಬೀಡಿ ಕಟ್ಟುವವರು ಸೇರಿ ವಾಚನಶಾಲೆ ಕಟ್ಟಿದ ಕಾಲದಿಂದ ಹೀಗೆಯೇ ನಡೆದು ಬಂದಿದೆ. ಅದರ ಕಪಾಟಿನ ಪುಸ್ತಕ, ರಜೆಯಲ್ಲಿ ಪಾಠಕ್ಕೆ ಬರುವ ಮಕ್ಕಳ ಗಂಜಿ, ವಾರ್ಷಿಕೋತ್ಸವದ ನಾಟಕದ ಪರದೆ, ಹಾಸಿಗೆ ಹಿಡಿದವರ ಮನೆಗೆ ಹೋಗುವ ಅಕ್ಕಿ, ಬುದ್ಧಿವಂತ ಮಕ್ಕಳ ಕಾಲೇಜಿನ ಫೀಸು, ಎಲ್ಲವೂ ಈ ಹಿಡಿಯಿಂದಲೇ. ಎಲ್ಲೋ ಕಡಲಾಚೆ ಭೂಮಿ ನಡುಗಿ ಊರುಗಳೇ ಕುಸಿದವೆಂದು ಪೇಪರಿನಲ್ಲಿ ಬಂದಾಗ ನಮ್ಮ ಹೆಂಗಸರು ಒಂದು ತಿಂಗಳು ಎರಡೆರಡು ಹಿಡಿ ಹಾಕಿದ್ದರು. ಆ ಊರಿನ ಹೆಸರು ಹೇಳಲು ನಮಗೆ ಯಾರಿಗೂ ನಾಲಿಗೆ ಹೊರಳುತ್ತಿರಲಿಲ್ಲ.

ಕಾರ್ತ್ಯಾಯನಿಯೂ ಬೀಡಿ ಕಟ್ಟಿ ಬೆಳೆದವಳು. ಬೀಡಿ ಶೆಡ್ಡಿನಲ್ಲಿ ಒಬ್ಬ ಕೂತು ಗಟ್ಟಿಯಾಗಿ ಪೇಪರು, ಕಾದಂಬರಿ ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿ ಕೊಡುತ್ತಿದ್ದರು. ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದ ಕಾರ್ತ್ಯಾಯನಿಗೆ ಪ್ರಪಂಚದ ಸುದ್ದಿಯೆಲ್ಲ ಬಂದದ್ದು ಹೀಗೆ, ಕೈ ತುಂಬ ತಂಬಾಕಿನ ವಾಸನೆಯ ಜೊತೆಗೆ. ಆಮೇಲೆ ಮದುವೆ. ಗಂಡ ಕುಂಞಿರಾಮ ಮುರಕಲ್ಲು ಕಡಿಯುವವನು. ಒಂದು ದಿನ ಕಲ್ಲಿನ ದರೆ ಅವನ ಮೇಲೆಯೇ ಜರಿದು ಬಿತ್ತು. ಎರಡು ಸಣ್ಣ ಮಕ್ಕಳನ್ನು ಇಟ್ಟುಕೊಂಡ ಅವಳ ಮನೆಗೆ ಒಂದು ವರ್ಷ ವಾಚನಶಾಲೆಯ ಅಕ್ಕಿ ಬಂತು.

ಆ ಕಾಲದಲ್ಲಿ ಚೀಲ ಹಿಡಿದು ಬರುತ್ತಿದ್ದವಳು ಉಚ್ಚಿರಮ್ಮ. ಎಂಥಾ ಹೆಂಗಸು ಅಂತೀರಿ! ವಾಚನಶಾಲೆಯ ಅಕ್ಕಿಯನ್ನು ತಾನೇ ಹೊತ್ತು ತಂದು ಜಗಲಿಯಲ್ಲಿಟ್ಟು, ಅದೇ ಉಸಿರಿನಲ್ಲಿ ಕೈಚಾಚಿ ಕೇಳುತ್ತಿದ್ದಳು, "ಹಿಡಿಯಕ್ಕಿ ಎಲ್ಲಿ?" ಮಕ್ಕಳ ಬಾಯಿಂದ ಉಳಿಸಿದ್ದನ್ನು ಕಾರ್ತ್ಯಾಯನಿ ತಂದು ಚೀಲಕ್ಕೆ ಸುರಿದರೆ ಅದರಲ್ಲೂ ಕೊಂಕು.

"ಕಲ್ಲಿದೆಯಲ್ಲೇ ಇದರಲ್ಲಿ. ಬರೋ ವಾರ ಆರಿಸಿ ಹಾಕು."

ಅವತ್ತು ಕಾರ್ತ್ಯಾಯನಿಯ ಮೈಯೆಲ್ಲ ಉರಿದುಹೋಗಿತ್ತು. ಕರುಳಿಲ್ಲದವಳೇ, ನನ್ನ ಮಡಕೆಗೂ ಕೈ ಹಾಕ್ತೀಯಲ್ಲೇ ಎಂದು ಬಾಗಿಲ ಹಿಂದೆ ನಿಂತು ಶಾಪ ಹಾಕಿದ್ದಳು. ಮುಂದೆ ಉಚ್ಚಿರಮ್ಮ ಕಣ್ಣು ಮುಚ್ಚಿ, ಚೀಲ ತನ್ನ ಕೈಗೆ ಬಂದ ದಿನ ಅವಳು ಒಂದು ಮಾತು ಮನಸ್ಸಿನಲ್ಲೇ ಇಟ್ಟುಕೊಂಡಳು. ಯಾರನ್ನು ಬೇಕಾದರೂ ಬೈದೇನು, ಕಷ್ಟದಲ್ಲಿರುವ ಮನೆಯ ಒಂದು ಕಾಳನ್ನೂ ಮುಟ್ಟುವುದಿಲ್ಲ. ಈ ಮಾತೇ ಅವಳನ್ನು ಮುಂದೆ ಪೇಚಿಗೆ ಸಿಕ್ಕಿಸಿದ್ದು.

ಧನು ಮಾಸದ ಒಂದು ಬೆಳಿಗ್ಗೆ ಕಳ್ಳಿಳಿಸುವ ದಿನೇಶ ತೆಂಗಿನ ಮರದಿಂದ ಬಿದ್ದ. ಜೀವ ಉಳಿಯಿತು, ಸೊಂಟ ಹೋಯಿತು. ಅವನ ಹೆಂಡತಿ ಪುಷ್ಪಜ ಗೋಡಂಬಿ ಫ್ಯಾಕ್ಟರಿಗೆ ಹೋಗುತ್ತಿದ್ದವಳು ಕೆಲಸ ಬಿಟ್ಟು ಗಂಡನ ಪಕ್ಕ ಕೂತಳು. ಒಬ್ಬಳೇ ಮಗಳು ಅತುಲ್ಯ ಪಯ್ಯನ್ನೂರಿನಲ್ಲಿ ಟೀಚರ್ ಟ್ರೈನಿಂಗಿನ ಮೊದಲ ವರ್ಷದಲ್ಲಿದ್ದಳು. ವಾಚನಶಾಲೆಯವರು ಕೂತು ಮಾತಾಡಿ, ವಾರ ವಾರ ಅಕ್ಕಿ ಕಳಿಸುವುದು, ಅತುಲ್ಯಳ ಓದಿನ ಖರ್ಚು ನೋಡಿಕೊಳ್ಳುವುದು ಎಂದು ತೀರ್ಮಾನಿಸಿದರು. ಯಾರೂ ಎರಡು ಮಾತಾಡಲಿಲ್ಲ. ಪುಷ್ಪಜಳೂ ಇಸಿದುಕೊಂಡಳು.

ಈ ಪುಷ್ಪಜ ಊರಿನಲ್ಲಿ ಕಾರ್ತ್ಯಾಯನಿಗೆ ಸರಿಸಾಟಿ ನಿಲ್ಲುವ ಏಕೈಕ ಬಾಯಿ. ಭಾನುವಾರ ಅವಳ ಗೇಟಿನ ಮುಂದೆ ಇಬ್ಬರ ಜಟಾಪಟಿ ಕೇಳಲೆಂದೇ ಅಕ್ಕಪಕ್ಕದವರು ಹಲ್ಲುಜ್ಜುವ ನೆಪದಲ್ಲಿ ಹೊರಗೆ ಬಂದು ನಿಲ್ಲುತ್ತಿದ್ದರು.

"ನಿನ್ನ ಹಿಡಿ ಇಷ್ಟೇನಾ? ಬೆಕ್ಕಿನ ಪಾದ ಇದ್ದ ಹಾಗಿದೆ."

"ಏಚೀ, ನಿಮ್ಮ ಬಾಯಿ ಅಳತೆಗೆ ಕೊಡೋಕೆ ಹೋದ್ರೆ ನಮ್ಮ ಮನೆ ಗದ್ದೆ ಮಾರ್ಬೇಕು!"

ದಿನೇಶ ಬಿದ್ದ ಮುಂದಿನ ಭಾನುವಾರವೂ ಪುಷ್ಪಜ ಎಂದಿನಂತೆ ಡಬ್ಬಿ ಹಿಡಿದು ಗೇಟಿಗೆ ಬಂದಳು. ನಿದ್ದೆಯಿಲ್ಲದ ಕಣ್ಣು, ಬಾಚದ ತಲೆ. ನೋಡಿ ಕಾರ್ತ್ಯಾಯನಿಗೆ ತಾನು ಮನಸ್ಸಿನಲ್ಲಿಟ್ಟುಕೊಂಡ ಮಾತು ನೆನಪಾಯಿತು. ಅವಳು ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಯಾರೂ ಕೇಳಿರದ ಮೆತ್ತನೆಯ ಸ್ವರದಲ್ಲಿ ಹೇಳಿದಳು:

"ಬೇಡ ಮೋಳೇ. ಅದು ನಿನ್ನ ಹತ್ರಾನೇ ಇರ್ಲಿ. ನಿಮಗೇ ಸಾಲಲ್ಲ ಪಾಪ."

ಮೋಳೇ ಅಂದರೆ ಮಗಳೇ. ಕಾರ್ತ್ಯಾಯನಿ ಹೆತ್ತ ಮಗಳನ್ನೂ ಹಾಗೆ ಕರೆದದ್ದು ಊರವರಿಗೆ ನೆನಪಿಲ್ಲ. ಪಕ್ಕದ ಬೇಲಿಯಲ್ಲಿ ಹಲ್ಲುಜ್ಜುತ್ತಿದ್ದ ಸತ್ಯವತಿ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟಳು. ಪುಷ್ಪಜ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಆಮೇಲಿನ ವಾರಗಳಲ್ಲಿ ಅವಳಿಗೆ ಮುಜುಗರ ಆಗದಿರಲೆಂದು ಕಾರ್ತ್ಯಾಯನಿ ಆ ಗೇಟಿನ ಮುಂದೆ ಹೋಗುವುದನ್ನೇ ಬಿಟ್ಟು ನೀರು ಹರಿಯುವ ತೋಡಿನ ಬದಿಯಿಂದ ಸುತ್ತಿ ಹೋಗತೊಡಗಿದಳು. ಪುಣ್ಯದ ಕೆಲಸ ಮಾಡುತ್ತಿದ್ದೇನೆಂದು ಒಳಗೊಳಗೇ ಬೀಗುತ್ತಲೂ ಇದ್ದಳು, ಸುಳ್ಳೇಕೆ ಹೇಳಲಿ.

ಮೀನ ಮಾಸ ಬಂತು. ಒಂದು ಗುರುವಾರ ವಾಚನಶಾಲೆಯ ಕಾರ್ಯದರ್ಶಿ ಪವಿತ್ರನ್ ಮಾಷ್ ಸೈಕಲ್ ತುಳಿದುಕೊಂಡು ಕಾರ್ತ್ಯಾಯನಿಯ ಮನೆಗೆ ಬಂದರು. ಮೇಷ್ಟರ ಮುಖ ಸಪ್ಪಗಿತ್ತು.

"ಏಚೀ, ಪುಷ್ಪಜ ಈ ವಾರದ ಅಕ್ಕಿ ವಾಪಸ್ ತಂದು ವಾಚನಶಾಲೆ ಜಗಲಿ ಮೇಲಿಟ್ಟು ಹೋಗಿದ್ದಾಳೆ. ಕಟ್ಟಿದ ಬಾಯಿ ಕೂಡ ಬಿಚ್ಚಿಲ್ಲ."

"ಯಾಕಂತೆ?"

"ಯಾಕೆ ಅಂತ ಹೇಳಿದ್ರೆ ತಾನೇ? ಅತುಲ್ಯನ್ನ ಕಾಲೇಜು ಬಿಡಿಸಿದ್ದಾಳಂತೆ. ವಿಷು ವ್ಯಾಪಾರಕ್ಕೆ ಬಟ್ಟೆ ಅಂಗಡಿಯವರಿಗೆ ಹುಡುಗೀರು ಬೇಕಂತೆ. ಸೋಮವಾರದಿಂದ ಅಲ್ಲಿಗೆ ಹೋಗ್ತಾಳೆ. ಒಂದ್ಸಲ ಬಿಟ್ಟವರು ತಿರುಗಿ ಓದೋದು ಅಷ್ಟರಲ್ಲೇ ಇದೆ. ನೀವು ಹೋಗಿ ಮಾತಾಡಿ. ನಿಮ್ಮ ಮಾತು ಕೇಳ್ತಾಳೆ."

ಕಾರ್ತ್ಯಾಯನಿ ಅವತ್ತೇ ಸಂಜೆ ಹೋದಳು. ದಿನೇಶ ಒಳಗೆ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದ. ಪುಷ್ಪಜ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂರಿಸಿ, ಹಾಲಿಲ್ಲದ ಚಹಾ ತಂದುಕೊಟ್ಟಳು. ಅತುಲ್ಯ ಬಾಗಿಲ ಸಂದಿಯಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು.

"ಮೋಳೇ, ಮಗು ಓದು ಯಾಕೆ ನಿಲ್ಲಿಸ್ತೀಯಾ? ನಾವೆಲ್ಲ ಇದ್ದೀವಲ್ಲ. ನಿನಗೆ ಏನು ಬೇಕೋ ಕೇಳು, ಸಂಕೋಚ ಬೇಡ," ಎಂದಳು ಕಾರ್ತ್ಯಾಯನಿ, ಜೇನು ಸುರಿಯುವ ಹಾಗೆ.

"ನೀವು ದೊಡ್ಡವರು, ಹೇಳಿದ್ದು ಸರಿಯಾಗೇ ಇದೆ. ನಿಮ್ಮ ಉಪಕಾರ ಮರೆಯಲ್ಲ. ಆದ್ರೆ ನಾವು ಹೇಗೋ ನಡೆಸ್ಕೊಂಡು ಹೋಗ್ತೀವಿ," ಎಂದಳು ಪುಷ್ಪಜ. ಬೆಕ್ಕಿನ ಪಾದಕ್ಕೆ ಗದ್ದೆಯ ಮಾತು ತಂದ ಆ ಬಾಯಿಂದ ಇಂಥ ನಯವಾದ ಮಾತು! ಏಚಿ ಎಂದು ಒಮ್ಮೆಯೂ ಕರೆಯಲಿಲ್ಲ. ಲೋಟ ಖಾಲಿಯಾಗುತ್ತಲೇ ಎದ್ದು ಅದನ್ನು ತೆಗೆದುಕೊಂಡು ಹೋದಳು. ಇನ್ನು ಹೊರಡಿ ಎಂದಂತೆಯೇ ಅದು.

ದಾರಿಯುದ್ದಕ್ಕೂ ಕಾರ್ತ್ಯಾಯನಿ ಕುದಿದಳು. "ಏನು ಜಂಬ, ಏನು ಸೊಕ್ಕು! ಹೊಟ್ಟೆಗಿಲ್ಲದಿದ್ರೂ ಮೂಗು ಮೇಲೇ ಇರ್ಬೇಕು ಇವಳದ್ದು. ಹೋಗ್ಲಿ, ಹಾಳಾಗಿ ಹೋಗ್ಲಿ!" ಎಂದು ತೋಡಿನ ನೀರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಗೊಣಗಿದಳು. ಆದರೆ ಬಾಗಿಲ ಸಂದಿಯಲ್ಲಿ ಉಗುರು ಕಚ್ಚುತ್ತಿದ್ದ ಹುಡುಗಿಯ ಮುಖ ಕಣ್ಣಿನಿಂದ ಹೋಗಲೊಲ್ಲದು. ಆ ಹುಡುಗಿ ರಜೆಯಲ್ಲಿ ವಾಚನಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದುದನ್ನು ಕಾರ್ತ್ಯಾಯನಿ ಕಿಟಕಿಯಲ್ಲಿ ನಿಂತು ಎಷ್ಟು ಸಲ ನೋಡಿದ್ದಳೋ. ಗಂಜಿ ಬಡಿಸಲು ಹೋದವಳು ಬಡಿಸುವುದನ್ನೇ ಮರೆತು ನಿಂತಿದ್ದಳು. ಅವಳೀಗ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಸೀರೆ ಬಿಚ್ಚಿ ತೋರಿಸಬೇಕು, ಮಡಿಸಿಡಬೇಕು.

ಶನಿವಾರ ಬೆಳಿಗ್ಗೆ ಕಾರ್ತ್ಯಾಯನಿ ತನ್ನ ಒಲೆಯ ಮುಂದೆ ಅಕ್ಕಿ ಅಳೆದು, ರೂಢಿಯಂತೆ ಒಂದು ಹಿಡಿ ತೆಗೆದಳು. ಅದರಲ್ಲೊಂದು ಸಣ್ಣ ಕಲ್ಲು. ಹೆಬ್ಬೆರಳಿನಿಂದ ಅದನ್ನು ಚಿಮ್ಮಿಸಿ ಎಸೆಯುವಾಗ ಉಚ್ಚಿರಮ್ಮನ ಗಂಟಲು ಕಿವಿಯಲ್ಲೇ ಕೇಳಿಸಿದಂತಾಯಿತು. ಕಲ್ಲಿದೆಯಲ್ಲೇ ಇದರಲ್ಲಿ.

ಕೈ ಅಲ್ಲೇ ನಿಂತಿತು. ಕುಂಞಿರಾಮ ಸತ್ತ ಆ ವರ್ಷ ನೆನಪಾಯಿತು. ಊರಿಗೆ ಊರೇ ಅವಳ ಮುಂದೆ ದನಿ ತಗ್ಗಿಸಿ ಮಾತಾಡುತ್ತಿತ್ತು. ಬಾವಿಕಟ್ಟೆಗೆ ಹೋದರೆ ಹೆಂಗಸರು ನಗು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಪಾಪ, ಪಾಪ ಎನ್ನುತ್ತಿದ್ದರು. ಆ ಪಾಪ ಎನ್ನುವ ಮಾತು ಕೇಳಿದಾಗಲೆಲ್ಲ ನೆಲ ಬಾಯಿಬಿಟ್ಟು ತನ್ನನ್ನು ನುಂಗಲಿ ಅನ್ನಿಸುತ್ತಿತ್ತು. ಮೊದಲಿನ ಹಾಗೆಯೇ ಬೈದವಳು ಉಚ್ಚಿರಮ್ಮ ಒಬ್ಬಳೇ. ಆ ಬೈಗುಳ ತಿಂದ ಮರುವಾರ ಹಟಕ್ಕೆ ಬಿದ್ದು ಒಂದೊಂದೇ ಕಲ್ಲು ಆರಿಸಿ, ಕಾಳು ಕಾಳೂ ಬೆಳ್ಳಗೆ ಹೊಳೆಯುವಂತೆ ಮಾಡಿ ಚೀಲಕ್ಕೆ ಹಾಕಿದ್ದಳು. ಆ ವರ್ಷದ ವಾರ್ಷಿಕೋತ್ಸವದ ನಾಟಕಕ್ಕೆ ಮಕ್ಕಳ ಕೈಹಿಡಿದು ಹೋಗಿ ಎಲ್ಲರ ನಡುವೆ ಚಾಪೆಯ ಮೇಲೆ ಕೂತಿದ್ದಳು. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಆ ಪರದೆಯಲ್ಲಿ ಅವಳ ಅಕ್ಕಿಯೂ ಇತ್ತು.

"ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳ!" ಎಂದು ಕಾರ್ತ್ಯಾಯನಿ ಹಣೆ ಹಣೆ ಬಡಿದುಕೊಂಡಳು. ಒಲೆಯ ಮುಂದೆಯೇ ಕೂತು ಅತ್ತಳು. ಇಷ್ಟು ವರ್ಷ ಶಾಪ ಹಾಕಿದ್ದು ಯಾರಿಗೆ, ಈಗ ತಾನು ಮಾಡಿದ್ದೇನು! ಪುಷ್ಪಜಳ ಮನೆಗೆ ಅಕ್ಕಿ ಕೊಟ್ಟದ್ದು ತಪ್ಪಲ್ಲ. ತಪ್ಪು ಅವಳ ಅಕ್ಕಿ ಬೇಡವೆಂದದ್ದು, ಅದೂ ನಾಲ್ಕು ಜನರ ಎದುರಿಗೆ, ಮೋಳೇ ಎಂದು ಕರೆದು ಬೇಡವೆಂದದ್ದು. ಅವಳನ್ನು ಊರಿನಿಂದಲೇ ಹೊರಗಿಟ್ಟ ಹಾಗಾಗಲಿಲ್ಲವೇ?

ಭಾನುವಾರ. ಮರುದಿನ ಅತುಲ್ಯ ಅಂಗಡಿಗೆ ಹೋಗುವವಳು. ಕಾರ್ತ್ಯಾಯನಿ ಚೀಲ ಹೆಗಲಿಗೇರಿಸಿ ತೋಡಿನ ಬದಿ ಬಿಟ್ಟು ನೆಟ್ಟಗೆ ಹಳೆಯ ಓಣಿಗೇ ತಿರುಗಿದಾಗ ನಫೀಸ ಗಾಬರಿಯಾದಳು.

"ಏಚೀ, ಆ ಕಡೆ ಪುಷ್ಪಜನ ಮನೆ..."

"ಕಣ್ಣು ಕಾಣ್ಸುತ್ತೆ ನನಗೆ. ನಡಿ."

ಗೇಟಿನ ಮುಂದೆ ಚೀಲ ಧೊಪ್ಪನೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಅವಳು ಕೂಗಿದ ಕೂಗಿಗೆ ಬೇಲಿಯ ಮೇಲಿದ್ದ ಕಾಗೆ ಹಾರಿಹೋಯಿತು.

"ಏನೇ ಪುಷ್ಪಜಾ! ಹಿಡಿಯಕ್ಕಿ ಎಲ್ಲಿ? ಬಿಸಿಲಲ್ಲಿ ನಾನಿಲ್ಲಿ ಒಣಮೀನಾಗ್ಬೇಕಾ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಪಕ್ಕದ ಮನೆಯಿಂದ ಸತ್ಯವತಿ ಬ್ರಷ್ ಸಮೇತ ಓಡಿ ಬಂದಳು. ಎದುರು ಮನೆಯಲ್ಲಿ ಯಾರೋ ರೇಡಿಯೋ ಸಣ್ಣದು ಮಾಡಿದರು. ಪುಷ್ಪಜ ಬಾಗಿಲಿಗೆ ಬಂದು ನಿಂತಳು. ಮುಖ ಕಲ್ಲಾಗಿತ್ತು.

"ಈ ಮನೆಯದ್ದು ಬೇಡ ಅಂದಿದ್ರಲ್ಲ."

"ಅಂದಿದ್ದೆ. ನನಗೆ ಮಂಕು ಬಡಿದಿತ್ತು. ಊರಲ್ಲಿ ಯಾರಿಗೂ ಬಡಿಯಲ್ವಾ? ಈಗ ಬಿಟ್ಟಿದೆ. ಕೊಡು."

"ಡಬ್ಬಿ ಇಲ್ಲ. ಅವತ್ತೇ ಎತ್ತಿ ಅಟ್ಟಕ್ಕೆ ಎಸೆದೆ."

"ಡಬ್ಬಿ ಯಾರಿಗೆ ಬೇಕು? ಅಕ್ಕಿ ಕೊಡು."

"ಅಕ್ಕಿನೂ ಇಲ್ಲ. ಇದ್ದದ್ದನ್ನ ತೊಳೆದು ನೀರಲ್ಲಿ ಹಾಕಿ ಆಯ್ತು."

"ಒಲೆ ಮೇಲಿಟ್ಟಿದ್ದೀಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ಅಳೆದಿದ್ದು ಹಾಗೇ ಇದೆಯಲ್ಲ. ನಿನ್ನ ಕೈಯೇನು ಮುರಿದಿದೆಯಾ, ಒಂದು ಹಿಡಿ ತೆಗೆಯೋಕೆ?"

ನಫೀಸ ಇವತ್ತು ಇಲ್ಲಿ ಹೊಡೆದಾಟವೇ ಆಗುತ್ತದೆ ಎಂದುಕೊಂಡಳು. ಪುಷ್ಪಜ ಕಾರ್ತ್ಯಾಯನಿಯ ಮುಖವನ್ನೇ ನೋಡುತ್ತಿದ್ದಳು. ಅದರಲ್ಲಿ ಎಲ್ಲಾದರೂ ಕನಿಕರ ಅಡಗಿದೆಯೇ ಎಂದು ಹುಡುಕುವ ಹಾಗಿತ್ತು ಆ ನೋಟ. ಕಾರ್ತ್ಯಾಯನಿ ಹುಬ್ಬು ಗಂಟಿಕ್ಕಿಕೊಂಡೇ ನಿಂತಿದ್ದಳು. ಒಳಗೆ ಮಾತ್ರ, ಕೊಡೇ, ದಯವಿಟ್ಟು ಕೊಡೇ ಎಂದು ಬೇಡಿಕೊಳ್ಳುತ್ತಿದ್ದಳು.

ಪುಷ್ಪಜ ಸರ್ರನೆ ಒಳಗೆ ಹೋದಳು. ತಿರುಗಿ ಬಂದಾಗ ಬಲಗೈ ಮುಷ್ಟಿಯಾಗಿತ್ತು. ಮೊಣಕೈವರೆಗೆ ನೀರಿಳಿಯುತ್ತಿತ್ತು. ಜಗಲಿಯಿಂದ ಗೇಟಿನವರೆಗೆ ಹನಿ ಬೀಳಿಸುತ್ತ ಬಂದು, ಚೀಲದ ಮೇಲೆ ಕೈಚಾಚಿದಳು. ರೇಷನ್ ಅಂಗಡಿಯ ಕೆಂಪು ಕುಚ್ಚಲಕ್ಕಿ.

ಕಾರ್ತ್ಯಾಯನಿ ಚೀಲವನ್ನು ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ ನಿನ್ನ! ತಲೆ ಇದೆಯಾ ನಿನಗೆ? ಒದ್ದೆ ಅಕ್ಕಿ ಬಿದ್ರೆ ಚೀಲಕ್ಕೆ ಚೀಲಾನೇ ಮುಗ್ಗಲು ಹಿಡಿಯುತ್ತೆ. ಇಷ್ಟು ವಯಸ್ಸಾಯ್ತು, ಹಿಡಿಯಕ್ಕಿ ಕೊಡೋಕೂ ಬರಲ್ವಲ್ಲೇ!"

ಪುಷ್ಪಜ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಒಣಗಿದ್ದು ಬೇಕಿದ್ರೆ ವಾರವಾರ ಬರ್ಬೇಕಿತ್ತು! ಮಹಾರಾಣಿ ಥರ ತೋಡಿನ ಬದಿಯಿಂದ ಸುತ್ತಿ ಹೋಗ್ತಾ ಇದ್ರಿ. ನೀವು ಯಾವಾಗ ಬರ್ತೀರಿ ಅಂತ ಅಕ್ಕಿ ಒಣಗಿಸ್ಕೊಂಡು ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ? ನನ್ನನ್ನ ಏನಂದ್ಕೊಂಡ್ರಿ ಏಚೀ ನೀವು?"

ಕೊನೆಯ ಮಾತಿಗೆ ಬರುವಷ್ಟರಲ್ಲಿ ಅವಳು ಬಿಕ್ಕುತ್ತಿದ್ದಳು. ಕಾರ್ತ್ಯಾಯನಿಯೂ ಕಣ್ಣೊರೆಸಿಕೊಂಡಳು. ಹೆಗಲ ಮೇಲಿನ ತೋರ್ತು ತೆಗೆದು ಎರಡೂ ಅಂಗೈ ಮೇಲೆ ಹರಡಿದಳು.

"ಇದರ ಮೇಲೆ ಹಾಕು. ಚೆಲ್ಲಬೇಡ, ಒಂದು ಕಾಳು ಬಿದ್ರೂ ನೋಡು ಮತ್ತೆ."

ಅವತ್ತು ಉಳಿದ ಮನೆಗಳಿಗೆಲ್ಲ ಕಾರ್ತ್ಯಾಯನಿ ಹೋದದ್ದು ಹಾಗೆಯೇ, ತೋರ್ತನ್ನು ತಟ್ಟೆಯ ಹಾಗೆ ಎದುರಿಗೆ ಹಿಡಿದುಕೊಂಡು, ಬಿಸಿಲಿಗೆ ಅಕ್ಕಿ ಒಡ್ಡಿಕೊಂಡು. ಎರಡೂ ಚೀಲ ನಫೀಸಳ ಬೆನ್ನಿಗೆ ಬಿದ್ದವು. "ನನ್ನ ಸೊಂಟ ಹೋದ್ರೆ ನನ್ನ ಮನೆಗೂ ಅಕ್ಕಿ ಕಳಿಸ್ತೀರಲ್ಲ?" ಎಂದು ಅವಳು ಏದುಸಿರಿನಲ್ಲೇ ಕೇಳಿದಳು. "ಕಳಿಸ್ತೀನಿ. ನಿನ್ನ ಹಿಡಿ ಮಾತ್ರ ಬಿಡಲ್ಲ," ಎಂದಳು ಕಾರ್ತ್ಯಾಯನಿ. ಪ್ರತಿ ಗೇಟಿನಲ್ಲೂ ಹೆಂಗಸರು ಕತ್ತು ಚಾಚಿ ಕೇಳುವವರೇ, ಇದೇನು ಏಚಿ, ಪ್ರಸಾದವೇ ಎಂದು. ಆ ಪ್ರಶ್ನೆಗೆಂದೇ ಅವಳು ಕಾದಿದ್ದಳು.

"ಪುಷ್ಪಜನ ಮನೆಯ ಹಿಡಿಯಕ್ಕಿ. ಒದ್ದೆ ಮಾಡಿ ಕೊಟ್ಟಿದ್ದಾಳೆ ಕೊಬ್ಬಿನವಳು!"

ಊರಿನ ತುದಿಯ ಮನೆಗೆ ಬರುವ ಹೊತ್ತಿಗೆ ಮೀನ ಮಾಸದ ಬಿಸಿಲಿಗೆ ಕಾಳು ಗರಿಗರಿಯಾಗಿ ಒಣಗಿತ್ತು. ಆಗ ಅದನ್ನು ಚೀಲಕ್ಕೆ ಸುರಿದು ಉಳಿದದ್ದರ ಜೊತೆ ಕೈಯಾಡಿಸಿ ಬೆರೆಸಿದಳು.

ಮಧ್ಯಾಹ್ನ ವಾಚನಶಾಲೆಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗೆ ಅಕ್ಕಿ ಸುರಿಯುತ್ತಿರುವಾಗ ಜಗಲಿಯಲ್ಲಿ ಚಪ್ಪಲಿಯ ಸದ್ದಾಯಿತು. ಪುಷ್ಪಜ. ಅವಳ ಹಿಂದೆ ಅತುಲ್ಯ, ಹೆಗಲಿಗೆ ಕಾಲೇಜಿನ ಬ್ಯಾಗು ಹಾಕಿಕೊಂಡು. ಪವಿತ್ರನ್ ಮಾಷ್ ಪೇಪರ್ ಮಡಚಿಟ್ಟು ಎದ್ದು ನಿಂತರು. ಕಾರ್ತ್ಯಾಯನಿ ಏಳಲಿಲ್ಲ. ಕೈಯಲ್ಲಿದ್ದ ಸೇರನ್ನು ಸುಮ್ಮನೆ ಒರೆಸುತ್ತ ಕೂತಳು.

"ಮಾಷೇ, ಇವಳು ನಾಳೆ ಅಂಗಡಿಗೆ ಹೋಗಲ್ಲ. ಕಾಲೇಜಲ್ಲಿ ಇಷ್ಟು ದಿನ ಬರದೇ ಇದ್ದಿದ್ದಕ್ಕೆ ಏನಾದ್ರೂ ಅಂತಾರಾ? ನೀವೊಂದು ಮಾತು ಹೇಳ್ಬೇಕು," ಎಂದಳು ಪುಷ್ಪಜ.

"ನಾನೇ ಜೊತೆಗೆ ಹೋಗ್ತೀನಿ," ಎಂದರು ಮಾಷ್, ಮುಖವೆಲ್ಲ ಅರಳಿಸಿ.

ಪುಷ್ಪಜ ಜಗಲಿಯ ಮೂಲೆಯಲ್ಲಿ ಗುರುವಾರದಿಂದ ಬಿದ್ದಿದ್ದ ತನ್ನ ಅಕ್ಕಿಯ ಗಂಟನ್ನು ಎಳೆದುಕೊಂಡಳು. ಎಲ್ಲರ ಎದುರಿಗೇ ಅದರ ಬಾಯಿ ಬಿಚ್ಚಿ, ಒಂದು ಹಿಡಿ ಅಂಗೈಗೆ ಸುರಿದುಕೊಂಡು, ಬೆಳಕಿಗೆ ಹಿಡಿದು ಬೆರಳಿನಿಂದ ಕೆದಕಿದಳು. ಆಮೇಲೆ ತಲೆಯೆತ್ತಿ ಒಳಗಿನ ಕೋಣೆಯ ಕಡೆ ತಿರುಗಿ ಗಂಟಲೆತ್ತರಿಸಿದಳು.

"ಏಚೀ! ಈ ಅಕ್ಕಿ ಯಾರು ಆರಿಸಿದ್ದು? ಬರೀ ಕಲ್ಲಿದೆಯಲ್ಲ ಇದರಲ್ಲಿ!"

ಕಾರ್ತ್ಯಾಯನಿ ಸೇರನ್ನು ಕೆಳಗಿಟ್ಟು ಹೊರಗೆ ಬಂದಳು.

"ತಾ ಇಲ್ಲಿ," ಎಂದು ಅವಳ ಎದುರಿಗೇ ನೆಲದ ಮೇಲೆ ಕೂತು, ಮೊರ ಎಳೆದುಕೊಂಡು ಕಲ್ಲು ಆರಿಸತೊಡಗಿದಳು.